240 ಕಿಲೋಮೀಟರ್ ಅಂದ್ರೆ ಅರ್ಧ ಗಂಟೆ ಅಂತ ಲೆಕ್ಕ ಹಾಕಿ ಸಿಕ್ಕಿಬಿದ್ದಿದ್ದು

ಶಿವಮೊಗ್ಗದ ದುರ್ಗಿಗುಡಿ ಹತ್ರ ಒಂದು ಟ್ರಾವೆಲ್ ಆಫೀಸಲ್ಲಿ ಟಿಕೆಟ್ ಬುಕ್ ಮಾಡೋದು ನನ್ನ ಕೆಲಸ. 2023ರ ಆಗಸ್ಟ್ 31ಕ್ಕೆ ನಮ್ಮೂರ ಸೋಗಾನೆ ಏರ್‌ಪೋರ್ಟಿಗೆ ಮೊದಲ ಪ್ಯಾಸೆಂಜರ್ ಫ್ಲೈಟ್ ಬರೋವರೆಗೂ ನಮ್ಮಲ್ಲಿ ವಿಮಾನ ಅಂದ್ರೆ ರಾತ್ರಿ ಬಸ್ಸೋ ರೈಲೋ ಹತ್ತಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಹಾರೋದು ಅಷ್ಟೇ. ಊರಲ್ಲೇ ಏರ್‌ಪೋರ್ಟ್ ಆದ್ಮೇಲೆ ನಾನೂ ಸ್ವಲ್ಪ ಪಂಡಿತ ಆಗ್ಬಿಟ್ಟಿದ್ದೆ.

ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಗೌಡ್ರೊಬ್ರು ಬಂದ್ರು, ಡೆಲ್ಲಿಲಿರೋ ಮಗಳ ಮನೆಗೆ ಹೋಗ್ಬೇಕು ಅಂತ. ರೋಡಲ್ಲಿ ಬೆಂಗಳೂರು 300 ಕಿಲೋಮೀಟರ್ ಆದ್ರೂ ಆಕಾಶದಲ್ಲಿ ನೇರ ಗೆರೆ ಎಳೆದ್ರೆ ಹತ್ತತ್ರ 240, ಎಟಿಆರ್ ಅನ್ನೋ ಚಿಕ್ಕ ವಿಮಾನದ ಸ್ಪೀಡು ಗಂಟೆಗೆ 500ರ ಆಸುಪಾಸು, ಅಲ್ಲಿಗೆ ಅರ್ಧ ಗಂಟೆ. ಟಿಕೆಟಲ್ಲಿ ಒಂದು ಗಂಟೆ ಹತ್ತು ನಿಮಿಷ ಅಂತಿತ್ತು, ಅದು ಲೇಟಾದ್ರೆ ಬೈಸ್ಕೊಳ್ಳೋದು ಬೇಡ ಅಂತ ಸುಮ್ನೆ ಜಾಸ್ತಿ ಬರೆದಿರ್ತಾರೆ ಗೌಡ್ರೇ ಅಂದೆ. ಬೆಂಗಳೂರಲ್ಲಿ ಎರಡು ಗಂಟೆ ಸಿಗುತ್ತೆ ಅಂತ ನಂಬಿ, ಬೇರೆ ಕಂಪನಿದು, ಬೇರೆ ಪಿಎನ್‌ಆರ್‌ನಲ್ಲಿ ಡೆಲ್ಲಿ ಟಿಕೆಟ್ ಮಾಡಿಕೊಟ್ಟೆ, ಅದೇ ಸ್ವಲ್ಪ ಅಗ್ಗಕ್ಕೆ ಸಿಕ್ತಿತ್ತು.

ಫ್ಲೈಟ್ ಒಂದು ನಿಮಿಷನೂ ಲೇಟಾಗ್ಲಿಲ್ಲ, ಟಿಕೆಟಲ್ಲಿ ಬರೆದ ಟೈಮಿಗೇ ಹೋಯ್ತು. ಹಾಗಾಗಿ ಸಿಕ್ಕಿದ್ದು ಎರಡು ಗಂಟೆ ಅಲ್ಲ, ಒಂದು ಗಂಟೆ ಇಪ್ಪತ್ತು ನಿಮಿಷ. ಚೆಕ್-ಇನ್ ಕೌಂಟರ್ ಹೊರಡೋಕೆ 60 ನಿಮಿಷ ಮುಂಚೆನೇ ಮುಚ್ತಾರೆ, ಉಳಿದಿದ್ದು ಇಪ್ಪತ್ತು. ಪಿಎನ್‌ಆರ್ ಬೇರೆ ಆಗಿದ್ರಿಂದ ಬ್ಯಾಗ್ ತಾವೇ ತಗೊಂಡು ಮತ್ತೆ ಕೊಡ್ಬೇಕು, ಆ ಇಪ್ಪತ್ತು ನಿಮಿಷ ಗೌಡ್ರು ಬ್ಯಾಗ್ ಬರೋ ಬೆಲ್ಟ್ ಮುಂದೆ ನಿಂತಿದ್ರು, ಯಾಕಂದ್ರೆ ಬ್ಯಾಗಲ್ಲಿ ಮಗಳಿಗೆ ಅಂತ ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು, ಅದನ್ನ ಕೈಯಲ್ಲಿ ತಗೊಂಡು ಹೋಗೋ ಹಾಗಿಲ್ಲ ಅಂತ ನಾನೇ ಚೆಕ್-ಇನ್ ಮಾಡ್ಸಿ ಅಂದಿದ್ದು. ಎರಡನೇ ಟರ್ಮಿನಲ್‌ಗೆ ಓಡೋ ಹೊತ್ತಿಗೆ ಕೌಂಟರ್ ಖಾಲಿ. "ಎಂತ ಮಾರಾಯ, ಅರ್ಧ ಗಂಟೆ ಅಂದ್ಯಲ್ಲ" ಅಂತ ಫೋನ್ ಬಂತು, ನನ್ನ ಹತ್ರ ಉತ್ತರ ಇರ್ಲಿಲ್ಲ. ಹೊಸ ಟಿಕೆಟಿನ ಅರ್ಧ ದುಡ್ಡು ನನ್ನ ಜೇಬಿಂದ ಹೋಯ್ತು.

ಆಮೇಲೆ ಏರ್‌ಲೈನ್ ಕೆಲಸದಲ್ಲಿರೋ ಫ್ರೆಂಡ್ ಒಬ್ಬ ಬಿಡಿಸಿ ಹೇಳ್ದ. ಟಿಕೆಟಲ್ಲಿ ಇರೋದು ಹಾರಾಟದ ಟೈಮಲ್ಲ, ಇಲ್ಲಿ ನಿಂತ ಜಾಗದಿಂದ ಅಲುಗಿದ್ದರಿಂದ ಹಿಡಿದು ಅಲ್ಲಿ ಹೋಗಿ ನಿಲ್ಲೋವರೆಗಿನದು. 240 ಕಿಲೋಮೀಟರಲ್ಲಿ ವಿಮಾನ ಮೇಲೇರಿ ಪೂರ್ತಿ ಸ್ಪೀಡಿಗೆ ಬಂದು ಸ್ವಲ್ಪ ಹೊತ್ತಿಗೇ ಇಳಿಯೋಕೆ ಶುರು ಮಾಡ್ಬೇಕು, ಬೆಂಗಳೂರಲ್ಲಿ ದೊಡ್ಡ ವಿಮಾನಗಳ ಹಿಂದೆ ಸರದಿ ಕಾಯ್ಬೇಕು, ಇಳಿದ್ಮೇಲೂ ರನ್‌ವೇಯಿಂದ ನಿಲ್ಲೋ ಜಾಗಕ್ಕೆ ಉರುಳ್ತಾ ಹೋಗ್ಬೇಕು. ಇದೆಲ್ಲ 240 ಕಿಲೋಮೀಟರ್ ಹೋದ್ರೂ ಇದೆ, 1,700 ಕಿಲೋಮೀಟರ್ ದೂರದ ಡೆಲ್ಲಿಗೆ ಹೋದ್ರೂ ಇದೆ. ಸೋಗಾನೆಯಿಂದ ಹೈದ್ರಾಬಾದ್ ಸುಮಾರು 480, ಬೆಂಗಳೂರಿನ ಡಬಲ್, ಆದ್ರೆ ಟೈಮ್ ಡಬಲ್ ಆಗಲ್ಲ. ನೆಟ್ಟಲ್ಲಿ ದೂರ ತೋರ್ಸೋ ಕೆಲವು ಸೈಟ್‌ಗಳು ಗೆರೆ ಎಳೆದು ಭಾಗಾಕಾರ ಮಾಡಿ ಬಿಟ್ಟಿರ್ತಾವೆ, ನಾನು ಮಾಡಿದ್ದೂ ಅದನ್ನೇ.

ಇನ್ನು ಗೌಡ್ರ ಮನೆಯಿಂದ ಮಂಡಗದ್ದೆ, ಸಕ್ರೆಬೈಲು, ಊರೊಳಗಿನ ಟ್ರಾಫಿಕ್ ಎಲ್ಲ ದಾಟಿ ಸೋಗಾನೆ ಮುಟ್ಟೋಕೆ ಹಾರಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿದಿತ್ತು, ಮಳೆಗಾಲ ಬೇರೆ.

ಈಗ ಯಾರೇ ಬಂದ್ರೂ ಮೊದಲು ಎಷ್ಟು ಬ್ಯಾಗ್, ಮುಂದೆ ಎಲ್ಲಿಗೆ ಅಂತ ಕೇಳ್ತೀನಿ, ಮುಂದಿನ ಫ್ಲೈಟ್ ಇದ್ರೆ ನೂರಿನ್ನೂರು ಜಾಸ್ತಿ ಆದ್ರೂ ಒಂದೇ ಪಿಎನ್‌ಆರ್. ಮೊನ್ನೆ ಗೌಡ್ರು ಮತ್ತೆ ಬಂದಿದ್ರು, ಡೆಲ್ಲಿಗೇ. ನಾನು ಬಾಯಿ ಬಿಡೋಕೆ ಮುಂಚೆ ಅವರೇ ಅಂದ್ರು, "ಉಪ್ಪಿನಕಾಯಿ ಕೊರಿಯರ್ ಮಾಡಿದೀನಿ ಮಾರಾಯ, ನೀ ಟಿಕೆಟ್ ನೋಡು."