ಹೆಸರು ಅಳಿಸಿದ ಸ್ಕೋಪು, ನಾನು ಬರೆದ ಚೀಟಿ

ಅಮೆರಿಕದ ಒಹಾಯೋದಲ್ಲಿ ಒಂದು ಸಣ್ಣ ರಿಪೇರಿ ಅಂಗಡಿಯಲ್ಲಿ ನನ್ನ ಕೆಲಸ. ದುರ್ಬೀನು, ಮೈಕ್ರೋಸ್ಕೋಪು, ಹಳೆಯ ರೈಫಲ್ ಸ್ಕೋಪು (ಬಂದೂಕಿನ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನು), ಹೀಗೆ ಲೆನ್ಸ್ ಇರುವುದೆಲ್ಲ ನನ್ನ ಮೇಜಿಗೆ ಬರುತ್ತದೆ. ಕೈ ಪಳಗಿದ್ದು ಮಾತ್ರ ಬೆಂಗಳೂರಿನಲ್ಲಿ, ಸರ್ವೆಯವರು ನೆಲದ ಏರುತಗ್ಗು ಅಳೆಯುವ ದುರ್ಬೀನು, ಅಂದರೆ ಡಂಪಿ ಲೆವೆಲ್ ಬಿಚ್ಚಿ ಜೋಡಿಸುತ್ತಾ.

ಕಳೆದ ಚಳಿಗಾಲದಲ್ಲಿ ಗಿರಾಕಿಯೊಬ್ಬರು ಬಟ್ಟೆಯಲ್ಲಿ ಸುತ್ತಿದ ಒಂದು ಸ್ಕೋಪು ತಂದರು. ಯಾರದೋ ಮನೆ ಖಾಲಿ ಮಾಡುವಾಗ 40 ಡಾಲರ್‌ಗೆ ಕೊಂಡಿದ್ದರಂತೆ. ಕಪ್ಪು ಉಕ್ಕಿನ ತೆಳು ಕೊಳವೆ. ಎಲ್ಲಿ ನೋಡಿದರೂ ಹೆಸರಿಲ್ಲ, ನಂಬರ್ ಇಲ್ಲ.

"ಇದು ಎರಡನೇ ಮಹಾಯುದ್ಧದ ಸ್ನೈಪರ್ ಸ್ಕೋಪು ಅಂತ ಹೇಳಿ ಕೊಟ್ಟರು. ಹೌದಾ?" ಅಂದರು.

ಈ ಪ್ರಶ್ನೆಗೆ ನಾನು ತಟ್ಟನೆ ಉತ್ತರ ಕೊಡುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಹಾಗೆ ಕೊಟ್ಟಿದ್ದೆ. ಆಗ ಬಂದಿದ್ದ ಸ್ಕೋಪಿನ ಒಳಗೆ ಅಡ್ಡಗೆರೆಗಳ ಬದಲು ಚೂಪು ಮೊನೆಯ ದಪ್ಪ ಕಂಬ ಕಾಣುತ್ತಿತ್ತು. ಜರ್ಮನ್ ಸ್ಕೋಪುಗಳಲ್ಲಿ ಅದು ಜಾಸ್ತಿ. ಸರಿ, ಜರ್ಮನಿಯದು ಅಂದುಬಿಟ್ಟೆ. ಅವರು ನನ್ನ ಮಾತು ನಂಬಿ, ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ರಿಂಗನ್ನು ಜರ್ಮನ್ ಕೊಳವೆಗಳ 26 ಮಿಲಿಮೀಟರ್ ಅಳತೆಗೆ ತರಿಸಿದರು. ರಿಂಗ್ ಎಷ್ಟು ಬಿಗಿದರೂ ಸ್ಕೋಪು ಜಾರುತ್ತಿತ್ತು. ಅಳತೆ ಹಾಕಿದರೆ 25.4, ಅಂದರೆ ಸರಿಯಾಗಿ ಒಂದು ಇಂಚು. ಅಮೆರಿಕದ ಕಂಪನಿಗಳೂ ಕಂಬದ ಗುರುತಿನ ಸ್ಕೋಪು ಮಾರುತ್ತಿದ್ದವು. ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್ ನನ್ನ ಡ್ರಾಯರಿನಲ್ಲೇ ಇತ್ತು, ತೆಗೆಯಲಿಲ್ಲ. ಅವರು ಮತ್ತೆ ನಮ್ಮ ಅಂಗಡಿಗೆ ಬರಲೇ ಇಲ್ಲ. ಅದು ಇವತ್ತಿಗೂ ನೋಯುತ್ತದೆ.

ಹಾಗಾಗಿ ಈ ಸಲ ಮೊದಲು ವರ್ನಿಯರ್ ಹಿಡಿದೆ. 19.05 ಮಿಲಿಮೀಟರ್. ಮುಕ್ಕಾಲು ಇಂಚು. ಸ್ಕ್ರೂಗೆ, ಅದರ ಸುರುಳಿ ಅಳೆಯಲು ಹಲ್ಲಿನ ತೆಳು ಎಲೆಗಳಿರುವ ಥ್ರೆಡ್ ಗೇಜ್ ಇಟ್ಟರೆ ಮೆಟ್ರಿಕ್ ಎಲೆಗಳು ಕೂರಲಿಲ್ಲ, ಇಂಚಿನ ಎಲೆ ಸಂದಿಲ್ಲದೆ ಕೂತಿತು. ಅಲ್ಲಿಗೆ ಜರ್ಮನಿಯ ಮಾತು ಬಹುಮಟ್ಟಿಗೆ ಮುಗಿಯಿತು. ಆದರೆ ಮುಕ್ಕಾಲು ಇಂಚು ಅಂದ ಮಾತ್ರಕ್ಕೆ ಇಂಥದ್ದೇ ಅನ್ನುವಂತಿಲ್ಲ. ಸಣ್ಣ ಗುಂಡಿನ .22 ರೈಫಲ್‌ಗೆ ಹಾಕುವ ಅಗ್ಗದ ಸ್ಕೋಪುಗಳೂ ಅದೇ ಗಾತ್ರದವು.

ಆಮೇಲೆ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅಂತ ನೋಡಬೇಕು. ಇದಕ್ಕೆ ಯಾವ ಯಂತ್ರವೂ ಬೇಡ. ಸ್ಕೋಪನ್ನು ಬೆಳಕಿರುವ ಗೋಡೆಗೆ ತಿರುಗಿಸಿ, ಕಣ್ಣಿಡುವ ಕಡೆ ಒಂದು ಬಿಳಿ ಕಾಗದ ಹಿಡಿಯಿರಿ. ಕಾಗದವನ್ನು ಹಿಂದೆ ಮುಂದೆ ಸರಿಸಿದರೆ ಒಂದು ಕಡೆ ಬೆಳಕಿನ ಬಿಲ್ಲೆ ಅಂಚು ಸ್ಪಷ್ಟವಾಗಿ ನಿಲ್ಲುತ್ತದೆ. ಮುಂದಿನ ಲೆನ್ಸಿನ ಅಗಲವನ್ನು ಈ ಬಿಲ್ಲೆಯ ಅಗಲದಿಂದ ಭಾಗಿಸಿದರೆ ಆಯಿತು. ನನಗೆ ಸಿಕ್ಕಿದ್ದು 17 ಮತ್ತು 6.2. ಅಂದರೆ ಹೆಚ್ಚುಕಡಿಮೆ ಎರಡೂಮುಕ್ಕಾಲು ಪಟ್ಟು. ಬಿಲ್ಲೆ ನಿಂತ ಜಾಗವೇ ಕಣ್ಣಿಡುವ ಜಾಗ. ಅದು ಲೆನ್ಸಿನಿಂದ ಮೂರು ಇಂಚಿಗೂ ಆಚೆ ಇತ್ತು. ಒದೆಯುವ ದೊಡ್ಡ ರೈಫಲ್‌ಗೆ ಅಷ್ಟು ದೂರ ಬೇಕು, .22ಗೆ ಬೇಕಿಲ್ಲ.

ಟ್ಯೂಬ್‌ಲೈಟ್ ಕೆಳಗೆ ಹಿಡಿದಾಗ ಲೆನ್ಸಿನ ಮೇಲೆ ಬಿದ್ದ ಬೆಳಕು ಬೆಳ್ಳಗೇ ಕಂಡಿತು. ನೀಲಿ, ನೇರಳೆ ಛಾಯೆ ಸ್ವಲ್ಪವೂ ಇಲ್ಲ. ಅಂದರೆ ಬೆಳಕಿನ ಪ್ರತಿಫಲನ ತಗ್ಗಿಸುವ ತೆಳು ಲೇಪ, ಕೋಟಿಂಗ್ ಇಲ್ಲ. ಯುದ್ಧ ಮುಗಿದ ಮೇಲೆ ಬಂದ ಅಮೆರಿಕದ ಒಳ್ಳೆ ಸ್ಕೋಪುಗಳಲ್ಲಿ ಕೋಟಿಂಗ್ ಮಾಮೂಲಿ ಆಗಿತ್ತು. ಇದು ಅದಕ್ಕಿಂತ ಹಳೆಯದು ಅನ್ನಿಸಿತು. ಗುರಿ ಹೊಂದಿಸುವ ತಿರುಪು ತಿರುಗಿಸಿದರೆ ಒಳಗಿನ ಗೆರೆಗಳೇ ನಡುವಿನಿಂದ ಪಕ್ಕಕ್ಕೆ ಸರಿಯುತ್ತಿದ್ದವು. ಅದೂ ಹಳೇ ಕಾಲದ ಕಟ್ಟು.

ಕೊಳವೆ ಬಿಚ್ಚಲಿಲ್ಲ. ಹಳೆಯ ಉಪಕರಣಗಳ ಗೆರೆಗಳಲ್ಲಿ ಕೆಲವು ಜೇಡರ ಬಲೆಯ ಎಳೆಗಳು. ಡಂಪಿ ಲೆವೆಲ್‌ಗಳಲ್ಲೂ ಹಾಗೇ ಇತ್ತು. ಒಂದು ಎಳೆ ಕಡಿದರೆ ಮತ್ತೆ ಕಟ್ಟಲು ದಿನವಿಡೀ ಉಸಿರು ಬಿಗಿಹಿಡಿದು ಕೂರಬೇಕು.

ಇಷ್ಟಾದರೂ ಹೆಸರು ಯಾಕಿಲ್ಲ? ಸ್ಕ್ರೂ ತೂತುಗಳ ಅಂಚಿನ ಮೇಲೆ ಬೆರಳಾಡಿಸಿದೆ. ಹೊಸದರಲ್ಲಿ ಚೂಪಾಗಿರಬೇಕಾದ ಅಂಚು ಸಾಬೂನಿನ ಹಾಗೆ ದುಂಡಗೆ ಸವೆದಿತ್ತು. ಯಾರೋ ಕೊಳವೆಯನ್ನು ಚೆನ್ನಾಗಿ ಉಜ್ಜಿ ಪಾಲಿಶ್ ಮಾಡಿ, ಉಕ್ಕನ್ನು ರಾಸಾಯನಿಕದಿಂದ ಕಪ್ಪಾಗಿಸುವ ಬ್ಲೂಯಿಂಗ್ ಹೊಸದಾಗಿ ಮಾಡಿಸಿದ್ದರು. ಹಳೆಯದನ್ನು ಹೊಸದಾಗಿಸುವ ಪ್ರೀತಿಯಲ್ಲೇ ಹೆಸರೂ ಹೋಗಿತ್ತು. ಕೋಣೆಯ ದೀಪ ಆರಿಸಿದೆ. ಟಾರ್ಚನ್ನು ಕೊಳವೆಗೆ ತಾಗುವಷ್ಟು ಓರೆಯಾಗಿ ಹಿಡಿದು, ಕೊಳವೆಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋದೆ. ಕಪ್ಪಿನ ಮೇಲೆ ಒಂದು ಕಡೆ ಇಂಗ್ಲಿಷಿನ ಎರಡು ಅಕ್ಷರ, ಎಸ್ ಮತ್ತು ಓ, ನೀರಿನೊಳಗಿಂದ ಕಂಡ ಹಾಗೆ ಕಂಡವು. ಇನ್ನೊಂದಿಷ್ಟು ತಿರುಗಿಸಿದರೆ ಮಾಯ.

ಎಲ್ ಪಾಸೋ ಅನ್ನುವ ಊರಿನ ಹೆಸರಿನ ಕೊನೆಯ ಎರಡು ಅಕ್ಷರ. ವಿಲಿಯಂ ವೀವರ್ 1930ರಲ್ಲಿ ಕೆಂಟಕಿಯ ನ್ಯೂಪೋರ್ಟ್‌ನಲ್ಲಿ ಸ್ಕೋಪು ಮಾಡಲು ಶುರು ಮಾಡಿ, 1933ರಲ್ಲಿ ಟೆಕ್ಸಾಸ್‌ನ ಎಲ್ ಪಾಸೋಗೆ ಹೋದರು. ಸಾಮಾನ್ಯ ಬೇಟೆಗಾರನ ಕೈಗೆಟುಕುವ ಬೆಲೆಗೆ ಸ್ಕೋಪು ಕೊಟ್ಟವರು ಅವರು. ಅವರ 330 ಮಾದರಿಗೆ ಮುಕ್ಕಾಲು ಇಂಚಿನ ಕೊಳವೆ, ಎರಡೂಮುಕ್ಕಾಲು ಪಟ್ಟು. ಎಲ್ಲ ಹೊಂದಿತು.

ಸೇನೆಯ ಕಥೆಯೂ ಸುಳ್ಳಲ್ಲ. ಯುದ್ಧದ ಕಾಲದಲ್ಲಿ ಅಮೆರಿಕ ಸೇನೆಯ ಎಂ1903ಎ4 ಸ್ನೈಪರ್ ರೈಫಲ್‌ಗೆ ಲೈಮನ್ ಕಂಪನಿಯ ಅಲಾಸ್ಕನ್ ಸ್ಕೋಪು ಬೇಕಾದಷ್ಟು ಸಿಗದೆ, ವೀವರ್ 330ಸಿಯನ್ನೇ ಎಂ73ಬಿ1 ಅನ್ನುವ ಹೆಸರಿನಲ್ಲಿ ಹಾಕಿದರು. ಆದರೆ ಅದೇ 330 ಮಾದರಿ ಊರಿನ ಬಂದೂಕಿನ ಅಂಗಡಿಗಳಲ್ಲೂ ಮಾರಾಟವಾಗಿತ್ತು. ನನ್ನ ಕೈಯಲ್ಲಿದ್ದದ್ದು ಯಾವುದು? ಅದನ್ನು ಹೇಳಬಹುದಾಗಿದ್ದ ಅಕ್ಷರಗಳು ಪಾಲಿಶ್ ಚಕ್ರದ ಧೂಳಿನಲ್ಲಿ ಹೋಗಿದ್ದವು.

ಸೇನೆಯದು ಅಂತ ಬರೆದುಕೊಟ್ಟರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಗಿರಾಕಿಗೂ ಅದೇ ಆಸೆ, ಅವರ ಮುಖದಲ್ಲಿ ಕಾಣುತ್ತಿತ್ತು. ನಾನು ಚೀಟಿಯಲ್ಲಿ ಬರೆದದ್ದು ಇಷ್ಟು: "ವೀವರ್ 330 ಮಾದರಿ, ಎಲ್ ಪಾಸೋ. ಅಳತೆ, ಥ್ರೆಡ್, ಅಳಿದುಳಿದ ಎರಡು ಅಕ್ಷರ ನೋಡಿ ಗುರುತಿಸಿದ್ದು. ಪಾಲಿಶ್ ಮಾಡಿ ಮತ್ತೆ ಬ್ಲೂಯಿಂಗ್ ಆಗಿದೆ. ಸೇನೆಯದು ಎನ್ನಲು ಗುರುತು ಉಳಿದಿಲ್ಲ."

ಅವರು ಚೀಟಿಯನ್ನು ಎರಡು ಸಲ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಎರಡು ಅಕ್ಷರ ನನಗೂ ತೋರಿಸ್ತೀರಾ?" ಅಂತ ಕೇಳಿದರು.

ದೀಪ ಆರಿಸಿ ಟಾರ್ಚನ್ನು ಅವರ ಕೈಗೇ ಕೊಟ್ಟೆ.