256ಕೆ

ಇವತ್ತು ಕಣ್ಣು ನೆಟ್ಟದ್ದು ಈ ನಂಬರಿನ ಮೇಲೆ.

ಪ್ರಾಚೀನ ಈಜಿಪ್ಟಿನ ರಾಜ ಟುಟಾಂಖಾಮುನ್‌ನ ಕಬ್ಬಿಣದ ಕಠಾರಿ. ಅವನ ಗೋರಿಯನ್ನು ಅಗೆದು ತೆಗೆದ ಹೊವಾರ್ಡ್ ಕಾರ್ಟರ್ ಕೊಟ್ಟ ಸಂಖ್ಯೆ.

256 ಅಂದ್ರೆ ಮಮ್ಮಿ. ಅದರ ಮೇಲೆ, ಬಟ್ಟೆಯ ಸುತ್ತುಗಳ ಒಳಗೆ ಸಿಕ್ಕ ಪ್ರತಿ ವಸ್ತುವಿಗೂ ಒಂದೊಂದು ಅಕ್ಷರ. ಚಿನ್ನದ ಮುಖವಾಡ 256ಎ. ಝಡ್ ಮುಗಿದ ಮೇಲೆ ಅಕ್ಷರ ಜೋಡಿ ಆಗುತ್ತೆ, ಹಾಗಾಗಿ ಚಿನ್ನದ ಕಠಾರಿ 256ಡಿಡಿ.

ಇಷ್ಟು ಹಟ ಯಾಕೆ? 1925ರ ನವೆಂಬರ್ 11ಕ್ಕೆ ವೈದ್ಯರಾದ ಡಗ್ಲಸ್ ಡೆರಿ, ಸಾಲೇ ಬೇ ಹಮ್ದಿ ಸುತ್ತು ಬಿಚ್ಚೋಕೆ ಶುರು ಮಾಡಿದಾಗ ಬಟ್ಟೆಯೆಲ್ಲ ಕರಕಲು. ಅಂತ್ಯಕ್ರಿಯೆಯಲ್ಲಿ ಸುರಿದ ತೈಲ ಅದನ್ನು ಸುಟ್ಟಂತೆ ಮಾಡಿತ್ತು. ದೇಹ ಪೆಟ್ಟಿಗೆಯ ತಳಕ್ಕೇ ಅಂಟಿಕೊಂಡಿತ್ತು. ಮೊದಲು ಮೇಣ ಬಳಿದು ಗಟ್ಟಿ ಮಾಡ್ಕೋಬೇಕು, ಆಮೇಲೇ ಕತ್ತರಿಸಬೇಕು. ಒಂದು ಪದರ ಎತ್ತಿದರೆ ಮತ್ತೆ ಹಾಗೇ ಇಡೋಕಾಗಲ್ಲ.

ಅದಕ್ಕೇ ಪದರ ಪದರಕ್ಕೂ ಛಾಯಾಗ್ರಾಹಕ ಹ್ಯಾರಿ ಬರ್ಟನ್‌ನ ಫೋಟೋ, ಕಾರ್ಟರ್‌ನ ಚಿತ್ರ: ದೇಹದ ಗೆರೆ, ಅದರ ಮೇಲೆ ಯಾವ ವಸ್ತು ಎಲ್ಲಿತ್ತು ಅಂತ. 256ಕೆ ಬಲತೊಡೆಯ ಮೇಲೆ.

ಕಠಾರಿ ಈಜಿಪ್ಟಿನಲ್ಲಿದೆ. ಬಲತೊಡೆ ಅನ್ನೋ ಮಾತು ಆಕ್ಸ್‌ಫರ್ಡಿನ ಗ್ರಿಫಿತ್ ಇನ್‌ಸ್ಟಿಟ್ಯೂಟಿನ ಕಾಗದಗಳಲ್ಲಿದೆ. ಆ ಕಾಗದವೇ ನನಗೆ ಹೆಚ್ಚು ಅಮೂಲ್ಯ ಅನ್ನಿಸ್ತಿದೆ.