ಅವ್ವನ ಜೊತೆ ಮಲೆನಾಡು: ಗದ್ದೆ ಅಂಚಿನ ಮೇಲೊಂದು ಊಟ

ಸೀಗೆ ಹುಣ್ಣಿಮೆಗೆ ಊರು ಬಿಟ್ಟು ಹೊರಡಲು ಅವ್ವನಿಗೆ ಮನಸ್ಸಿರಲಿಲ್ಲ. ನಮ್ಮದು ಹರಿಹರದ ಕಡೆ. ಭದ್ರಾ ನಾಲೆ ನೀರಿನ ಭತ್ತದ ಗದ್ದೆ. ಸೀಗೆ ಹುಣ್ಣಿಮೆ ಅಂದರೆ ಮನೆಯವರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು, ಅಂದರೆ ಹಬ್ಬದ ಅಡುಗೆಯನ್ನು ಭೂಮಿತಾಯಿಗೆ ಎಡೆಯಾಗಿ ಬೆಳೆಯ ಮೇಲೆ ಬೀರಬೇಕು, ಅಲ್ಲೇ ಕೂತು ಉಣ್ಣಬೇಕು. "ವರ್ಷಕ್ಕೊಂದು ಹಬ್ಬ, ಅವತ್ತೇ ಹೋಗಬೇಕೇನಪ್ಪಾ?" ಅಂದಳು.

ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಕೃಷಿಕರೊಬ್ಬರು ತಮ್ಮ ಮನೆಯ ಎರಡು ಕೋಣೆಗಳನ್ನು ಬಂದವರಿಗೆ ಕೊಡುತ್ತಾರೆ. ಫೋನ್ ಮಾಡಿದಾಗ ಆ ಮನೆಯ ಅಕ್ಕ, "ಹುಣ್ಣಿಮೆಗೇ ಬನ್ನಿ. ನಮ್ಮಲ್ಲಿ ಅವತ್ತು ಭೂಮಿ ಹುಣ್ಣಿಮೆ, ಗದ್ದೆ ಪೂಜೆ ಇರ್ತದೆ" ಅಂದಿದ್ದರು. ಇದನ್ನು ಹೇಳಿದ ಮೇಲೆ ಅವ್ವ ಸ್ವಲ್ಪ ಯೋಚಿಸಿದಳು. ನಮ್ಮ ಹೊಲದ ಚರಗ ತಾನು ನೋಡಿಕೊಳ್ಳುತ್ತೇನೆ ಅಂತ ತಮ್ಮ ಒಪ್ಪಿಕೊಂಡ. ಅಷ್ಟಾದ ಮೇಲೆ ಅವಳು ಚೀಲ ಕಟ್ಟಿದಳು.

ಹೊನ್ನಾಳಿ ಮೇಲೆ ಹೋಗಿ ಮೊದಲು ಕೂಡ್ಲಿಗೆ ತಿರುಗಿದೆವು. ತುಂಗೆ ಭದ್ರೆ ಕೂಡುವ ಜಾಗ. ಶಿವಮೊಗ್ಗದಿಂದ ಹದಿನೈದು ಕಿಲೋಮೀಟರ್ ಆಸುಪಾಸು. ಜನ ಸೀದಾ ಜೋಗಕ್ಕೆ ಓಡುತ್ತಾರೆ, ಇಲ್ಲಿಗೆ ಬರುವವರು ಕಡಿಮೆ. ನೀರಂಚಿನಲ್ಲಿ ಸಂಗಮೇಶ್ವರನ ಪುಟ್ಟ ಗುಡಿ, ನಂದಿ, ಮೆಟ್ಟಿಲು. ಮಳೆಗಾಲ ಈಗಷ್ಟೇ ಮುಗಿದಿತ್ತು, ಎರಡೂ ಹೊಳೆ ತುಂಬಿ ಬರುತ್ತಿದ್ದವು. ಅವ್ವ ಸೀರೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ಇಳಿದು ಬೊಗಸೆಯಲ್ಲಿ ನೀರು ಎತ್ತಿದಳು. "ತುಂಗಾ ಪಾನ, ಗಂಗಾ ಸ್ನಾನ ಅಂತಾರಲ್ಲ, ಇದೇನಾ ಆ ನೀರು?" ಅಂತ ಕುಡಿದಳು. ಐವತ್ತು ವರ್ಷ ಈ ನೀರು ನಂಬಿ ಬೆಳೆ ತೆಗೆದವಳು. ನಮ್ಮ ನಾಲೆಗೆ ನೀರು ಕೊಡುವ ಭದ್ರೆಯನ್ನು ಕಣ್ಣಾರೆ ನೋಡಿದ್ದು ಅವತ್ತೇ.

ಶಿವಮೊಗ್ಗದಲ್ಲಿ ಒಂದು ರಾತ್ರಿ ಉಳಿದೆವು. ಲಾಡ್ಜ್ ಬಗ್ಗೆ ಹೇಳುವಂಥದ್ದೇನಿಲ್ಲ. ಫೋಟೋದಲ್ಲಿ ಕಿಟಕಿ ತೆರೆದರೆ ಹೊಳೆ ಇತ್ತು, ನಿಜವಾಗಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಬಿಸಿನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ ಅಂತ ಹೇಳಿದ್ದು ದುಡ್ಡು ಕಟ್ಟಿದ ಮೇಲೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಕೋಣೆ ನೋಡಿಯೇ ದುಡ್ಡು ಕೊಡಿ. ಆದರೆ ರಾತ್ರಿಯ ಊಟ ಆ ಬೇಸರ ಕಳೆಯಿತು. ಒಂದು ಸಣ್ಣ ಖಾನಾವಳಿಯಲ್ಲಿ ಕೆಂಡದ ಮೇಲೆ ಉಬ್ಬಿದ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೇಲೊಂದು ಮುದ್ದೆ ಬೆಣ್ಣೆ. ನಮ್ಮದು ಜೋಳದ ರೊಟ್ಟಿ ಸೀಮೆ. ಅವ್ವ ರೊಟ್ಟಿ ಮುರಿದು ಬೆಳಕಿಗೆ ಹಿಡಿದು ನೋಡಿ, "ಅಕ್ಕಿ ಹಿಟ್ಟನ್ನ ಇಷ್ಟು ತೆಳ್ಳಗೆ ತಟ್ಟೋದು ಸುಲಭ ಅಲ್ಲ" ಅಂದಳು. ಅಡುಗೆ ವಿಷಯದಲ್ಲಿ ಅವಳು ಸುಮ್ನೆ ಯಾರನ್ನೂ ಹೊಗಳುವವಳಲ್ಲ.

ಮಾರನೇ ದಿನ ಬೆಳಿಗ್ಗೆ ಸಕ್ರೆಬೈಲು. ತೀರ್ಥಹಳ್ಳಿ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್. ಗಾಜನೂರು ಅಣೆಕಟ್ಟಿನ ಹಿನ್ನೀರಿಗೆ ಕಾಡಿನಿಂದ ಆನೆಗಳನ್ನು ತಂದು ಮೈ ತೊಳೆಯುತ್ತಾರೆ. ಹೊತ್ತು ಏರಿದರೆ ಅವನ್ನು ವಾಪಸ್ ಕಾಡಿಗೆ ಬಿಡುತ್ತಾರೆ, ಹಾಗಾಗಿ ಬೇಗ ಹೋಗಬೇಕು. ಮರಿಯಾನೆಯೊಂದು ಮಾವುತ ಎಷ್ಟು ಕರೆದರೂ ನೀರಿನಿಂದ ಏಳಲಿಲ್ಲ. ಸೊಂಡಿಲು ಮಾತ್ರ ಮೇಲೆ ಬಿಟ್ಟುಕೊಂಡು ಮಲಗಿತ್ತು. ನಮ್ಮ ಪಕ್ಕದಲ್ಲಿ ಕೆಲವರು ಕೂಗಿ, ಶಿಳ್ಳೆ ಹೊಡೆದು ಅದನ್ನು ಎಬ್ಬಿಸಲು ನೋಡುತ್ತಿದ್ದರು. ನನಗೆ ನಿಜಕ್ಕೂ ಸಂಕಟವಾಯಿತು. ದೊಡ್ಡ ಪ್ರಾಣಿ ಇಷ್ಟು ಹತ್ತಿರ, ಇಷ್ಟು ನೆಮ್ಮದಿಯಿಂದ ಮಲಗಿರುವುದನ್ನು ನೋಡುವ ಭಾಗ್ಯ ಮತ್ತೆಲ್ಲಿ ಸಿಗುತ್ತದೆ ಹೇಳಿ?

ಅಲ್ಲಿಂದ ಶಿವಮೊಗ್ಗಕ್ಕೆ ವಾಪಸ್ ಬಂದು ಸಾಗರ ರಸ್ತೆ ಹಿಡಿದೆವು. ಕುಂಸಿ ದಾಟಿ ಆನಂದಪುರದ ಹತ್ತಿರ ಚಂಪಕ ಸರಸಿ ಎಂಬ ಕೆರೆ ಇದೆ. ಕಲ್ಲು ಕಟ್ಟಿದ ಚೌಕದ ಕೊಳ, ನಡುವೆ ಪುಟ್ಟ ಗುಡಿ. ಕೆಳದಿಯ ವೆಂಕಟಪ್ಪ ನಾಯಕ ಚಂಪಕಾ ಎಂಬ ಹೆಣ್ಣಿನ ನೆನಪಿಗೆ ಕಟ್ಟಿಸಿದ ಅಂತ ಕಥೆ. ಮೆಟ್ಟಿಲ ಮೇಲೆ ಕೂತು ಕಟ್ಟಿಕೊಂಡು ಹೋಗಿದ್ದ ಮಂಡಕ್ಕಿ ತಿಂದೆವು. ಕಪ್ಪೆ ನೀರಿಗೆ ಹಾರುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಮನೆ ಮುಟ್ಟುವಾಗ ಸಂಜೆ. ಕಾರು ರಸ್ತೆಯಲ್ಲೇ ಬಿಟ್ಟು, ಉಣಗೋಲು ಸರಿಸಿ, ಅಡಿಕೆ ತೋಟದ ನಡುವೆ ಇನ್ನೂರು ಹೆಜ್ಜೆ ನಡೆಯಬೇಕು. ಅಷ್ಟರಲ್ಲೇ ನನ್ನ ಕಾಲಿಗೆ ರಕ್ತ ಹೀರುವ ಎರಡು ಉಂಬಳ ಹತ್ತಿದ್ದವು. ಅಕ್ಕ ಉಪ್ಪು ತಂದು ಹಚ್ಚಿದರು, ಉದುರಿ ಬಿದ್ದವು. "ಉಂಬಳಕ್ಕೆ ಹೆದರ್ಬೇಡಿ. ಬೇಸಿಗೇಲಿ ಬಂದ್ರೆ ಉಣುಗಿಗೆ ಮಾತ್ರ ಹೆದರ್ಬೇಕು" ಅಂದರು. ಅವರು ಹೇಳಿದ್ದು ಮಂಗನ ಕಾಯಿಲೆ ವಿಷಯ. ಆ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿದರೆ ಬರುತ್ತದೆ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಆಗ ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡುತ್ತಾರೆ. ಸತ್ತ ಮಂಗ ಕಂಡರೆ ಹತ್ತಿರ ಹೋಗುವುದಿಲ್ಲ. ಚಾರಣಕ್ಕೆ ಹೊರಡುವ ಹುಡುಗರು ಇದನ್ನು ದಯವಿಟ್ಟು ತಿಳಿದುಕೊಂಡು ಹೋಗಿ.

ಬಚ್ಚಲು ಮನೆಯಲ್ಲಿ ದೊಡ್ಡ ತಾಮ್ರದ ಹಂಡೆ, ಕೆಳಗೆ ಅಡಿಕೆ ಸಿಪ್ಪೆಯ ಬೆಂಕಿ. ಬೇಕಾದಷ್ಟು ಬಿಸಿನೀರು. ಅವ್ವ ಸ್ನಾನ ಮಾಡಿ ಬಂದು, "ನಿನ್ನೆ ಲಾಡ್ಜಿಗೆ ಕೊಟ್ಟ ದುಡ್ಡೂ ಇವರಿಗೇ ಕೊಡು" ಅಂದಳು.

ಜಗಲಿಯಲ್ಲಿ ಎರಡು ಬುಟ್ಟಿ ಇದ್ದವು. ಭೂಮಣ್ಣಿ ಬುಟ್ಟಿ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಒಣಗಿಸಿ, ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದದ್ದು. ಅಕ್ಕ ಕುಂಚ ತೋರಿಸಿದರು. ಪುಂಡಿ ನಾರಿನದು, ನಾಲ್ಕೈದು ಎಳೆ ಇರಬಹುದು ಅಷ್ಟೆ. ಅದರಲ್ಲಿ ಎಳೆದ ಗೆರೆಗಳು ಒಂದರ ಪಕ್ಕ ಒಂದು, ಎಲ್ಲೂ ಮುಟ್ಟಿಕೊಂಡಿಲ್ಲ. ಭತ್ತದ ತೆನೆ, ಏಣಿ, ಕೈ ಹಿಡಿದ ಗೊಂಬೆಗಳು. ಮಲೆನಾಡಿನ ದೀವರು ಎಂಬ ಸಮುದಾಯದ ಹೆಣ್ಣುಮಕ್ಕಳು ತಲೆತಲಾಂತರದಿಂದ ಬರೆದುಕೊಂಡು ಬಂದ ಹಸೆ ಚಿತ್ತಾರ ಇದು. ದೊಡ್ಡ ಬುಟ್ಟಿ ಪೂಜೆ ಸಾಮಾನು, ಅಡುಗೆಗೆ. ಸಣ್ಣದು ಹಚ್ಚಂಬಲಿಗೆ.

ಹಚ್ಚಂಬಲಿ ಅಂದರೆ ಏನು ಅಂತ ಅವ್ವನಿಗೆ ಕುತೂಹಲ. ರಾತ್ರಿ ಒಲೆ ಮುಂದೆ ಕೂತವಳು ಏಳಲೇ ಇಲ್ಲ. ಹರಿವೆ, ಹಾಗಲ, ಅಮಟೆಕಾಯಿ, ಕಾಡಿನಿಂದ ಆಯ್ದು ತಂದ ಹತ್ತಾರು ಬಗೆಯ ಕುಡಿಗಳು. ನೂರೊಂದು ಬಗೆ ಇರಬೇಕಂತೆ, ಸಿಕ್ಕಷ್ಟು ಹಾಕುತ್ತಾರೆ. ಎಲ್ಲ ಹೆಚ್ಚಿ ಬೇಯಿಸುತ್ತಾರೆ. ಆ ಮನೆಯ ಅಜ್ಜಿ ಒಂದೊಂದೇ ಸೊಪ್ಪು ಎತ್ತಿ ಹೆಸರು ಹೇಳುತ್ತಿದ್ದರು, ಅವ್ವ ನಮ್ಮ ಕಡೆ ಅದಕ್ಕೆ ಏನಂತಾರೆ ಅಂತ ಹೇಳುತ್ತಿದ್ದಳು. ಅರ್ಧಕ್ಕರ್ಧ ಇಬ್ಬರಿಗೂ ಗೊತ್ತಿತ್ತು, ಹೆಸರು ಮಾತ್ರ ಬೇರೆ. ಒಂದು ಒಲೆಯ ಮೇಲೆ ಚೀನಿಕಾಯಿ ಕಡುಬು, ಇನ್ನೊಂದರ ಮೇಲೆ ಕೊಟ್ಟೆ ಕಡುಬು. ಆ ರಾತ್ರಿ ಮನೆಯ ಹೆಂಗಸರು ಮಲಗುವುದಿಲ್ಲ. ಅವ್ವನೂ ಮಲಗಲಿಲ್ಲ. ಕೊಟ್ಟೆಗೆ ಎಲೆ ಮಡಚುವುದು ಕಲಿತಳು.

ನಸುಕಿಗೆ, ಇನ್ನೂ ಕತ್ತಲಿರುವಾಗ, ಮನೆಯ ಅಣ್ಣ ನನ್ನನ್ನು ಎಬ್ಬಿಸಿದರು. ಅವರು ಮುಂದೆ ಸಣ್ಣ ಬುಟ್ಟಿ ಹಿಡಿದು, ನಾನು ಹಿಂದೆ ಟಾರ್ಚ್ ಹಿಡಿದು. ಸಂಕ ದಾಟಿ ಗದ್ದೆಗೆ ಇಳಿದೆವು. ಚಂದ್ರ ಪಡುವಣದ ಗುಡ್ಡದ ಮೇಲೆ ಇದ್ದ, ಟಾರ್ಚ್ ಬೇಕಾಗಲಿಲ್ಲ. ಭತ್ತ ಹೊಡೆಯಾಗಿತ್ತು, ತೆನೆ ಇನ್ನೂ ಒಡಲಲ್ಲೇ ಇತ್ತು. ಅಣ್ಣ ಹಚ್ಚಂಬಲಿಯನ್ನು ಹಿಡಿ ಹಿಡಿಯಾಗಿ ಬೀರುತ್ತ ಗದ್ದೆ ಅಂಚಿನ ಮೇಲೆ ನಡೆದರು. ಬೀರುವಾಗ ಕೂಗುತ್ತಿದ್ದರು. ಸೊಪ್ಪು ತಂದಿದ್ದೇವೆ, ಕುಡಿ ತಂದಿದ್ದೇವೆ, ಭೂಮಿತಾಯಿ ಬಂದು ಉಂಡು ಹೋಗಲಿ ಅನ್ನುವ ಅರ್ಥದ ಕೂಗು. ಆಚೆ ದಿಂಬದ ಗದ್ದೆಯಿಂದ ಬೇರೆಯವರ ಕೂಗು ಕೇಳಿತು. ಅದರಾಚೆ ಇನ್ನೊಂದು. ಇಡೀ ಕಣಿವೆಯಲ್ಲಿ ಜನ ಕಾಣುವುದಿಲ್ಲ, ದನಿಗಳು ಮಾತ್ರ. ನನ್ನ ಮೈಯೆಲ್ಲ ಜುಂ ಅಂದಿತು.

ಹೊಡೆ ಕಟ್ಟಿದ ಗದ್ದೆ ಅಂದರೆ ಬಸುರಿ ಹೆಂಗಸು. ಬಸುರಿಗೆ ಬಯಕೆ ಇರುತ್ತದಲ್ವಾ, ಅವಳಿಗೆ ಬೇಕಾದ್ದೆಲ್ಲ ಉಣ್ಣಿಸಬೇಕು. ಇದೇ ಹಬ್ಬ.

ಬಿಸಿಲು ಏರಿದ ಮೇಲೆ ಎಲ್ಲರೂ ಹೊಸ ಬಟ್ಟೆ ಉಟ್ಟು ದೊಡ್ಡ ಬುಟ್ಟಿ ಹೊತ್ತು ಗದ್ದೆಗೆ ಬಂದರು. ಒಂದು ಬುಡ ಭತ್ತದ ಸಸಿಗೆ ಹೂವು, ಕರಿಮಣಿ ಹಾಕಿ ಪೂಜೆ. ಮೊದಲ ಎಡೆ ಕಾಗೆಗೆ. ಒಂದು ಕೊಟ್ಟೆ ಕಡುಬನ್ನು ಅಣ್ಣ ಗದ್ದೆಯ ಮಣ್ಣಿನಲ್ಲಿ ಹೂತರು, ಕೊಯ್ಲಿನ ದಿನ ತೆಗೆಯುತ್ತಾರಂತೆ. ಆಮೇಲೆ ಅಂಚಿನ ಮೇಲೆ ಸಾಲಾಗಿ ಕೂತು ಬಾಳೆ ಎಲೆಯಲ್ಲಿ ಊಟ. ಕಡುಬಿನ ಮೇಲೆ ತುಪ್ಪ, ಅಮಟೆಕಾಯಿ ಗೊಜ್ಜು, ಕೆಸುವಿನ ಪತ್ರೊಡೆ, ಮೊಸರು ಬುತ್ತಿ, ಅಪ್ಪೆಮಿಡಿ ಉಪ್ಪಿನಕಾಯಿ. ಅಮಟೆಕಾಯಿಯ ಹುಳಿಯಲ್ಲಿ ಒಂದು ಕಾಡಿನ ಘಮ ಇರುತ್ತದೆ. ಅಪ್ಪೆಮಿಡಿ ಕಚ್ಚಿದರೆ ಅದರ ಸೊನೆಯ ವಾಸನೆ ಮೂಗಿಗೆ ಏರುತ್ತದೆ. ಈ ಊಟ ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ. ಅಡುಗೆ ಯಾರಾದರೂ ಮಾಡಿಯಾರು, ಕಾಲು ಗದ್ದೆಯ ಕೆಸರಿನಲ್ಲಿ ಇಳಿಬಿಟ್ಟುಕೊಂಡು, ಪಕ್ಕದಲ್ಲಿ ಹೊಡೆ ಅಲ್ಲಾಡುತ್ತಿರುವಾಗ ಉಣ್ಣುವುದನ್ನು ಎಲ್ಲಿಂದ ತರುತ್ತಾರೆ?

ಅವ್ವ ಉಣ್ಣುವ ಮೊದಲು ಒಂದು ತುತ್ತು ತೆಗೆದು ಹಿಂದಕ್ಕೆ ಗದ್ದೆಗೆ ಚೆಲ್ಲಿದಳು, ನಮ್ಮ ಹೊಲದಲ್ಲಿ ಮಾಡುವ ಹಾಗೇ. ಅಜ್ಜಿ ನೋಡಿ ನಕ್ಕರು.

ಮಧ್ಯಾಹ್ನ ಸಿಗಂದೂರು ದಾರಿಯ ಸೇತುವೆ ನೋಡಿ ಬರುತ್ತೇವೆ ಅಂದಾಗ ಅಜ್ಜಿ ತಾವೂ ಬರುತ್ತೇನೆ ಅಂದರು. ಶರಾವತಿ ಹಿನ್ನೀರಿಗೆ ಕಟ್ಟಿದ ಈ ಸೇತುವೆ 2.44 ಕಿಲೋಮೀಟರ್ ಉದ್ದ. 2025ರ ಜುಲೈನಲ್ಲಿ ತೆರೆಯಿತು. ಅದಕ್ಕೂ ಮೊದಲು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚೇ ಗತಿ. ಸಂಜೆಯ ಕೊನೆ ಲಾಂಚ್ ತಪ್ಪಿದರೆ ಆಸ್ಪತ್ರೆಗೂ ಹೋಗುವ ಹಾಗಿರಲಿಲ್ಲ ಅಂತ ಅಜ್ಜಿ ದಾರಿಯುದ್ದಕ್ಕೂ ಹೇಳಿದರು. ದಂಡೆಯಲ್ಲಿ ಕಾರು ನಿಲ್ಲಿಸಿದೆವು. ಎಲ್ಲಿ ನೋಡಿದರೂ ನೀರು, ನಡುನಡುವೆ ಗುಡ್ಡದ ನೆತ್ತಿಗಳು. ಫೋಟೋಕ್ಕೆ ಇದಕ್ಕಿಂತ ಚೆಂದದ ಜಾಗ ಇಲ್ಲ. ನಾನು ಫೋನ್ ತೆಗೆದೆ.

ಅಜ್ಜಿ ಬೆರಳು ಚಾಚಿದರು. "ಅಕ್ಕೊ, ಆ ಗುಡ್ಡದ ಬುಡದಾಗೆ. ಅಲ್ಲೇ ಇತ್ತು ನಮ್ಮನೆ."

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ರಾಜ್ಯಕ್ಕೆಲ್ಲ ಕರೆಂಟು ಬಂತು, ಈ ಕಣಿವೆಯ ಊರುಗಳು ಮುಳುಗಿದವು. ಅಜ್ಜಿ ಆಗ ಸಣ್ಣ ಹುಡುಗಿ. ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದದ್ದು, ಬೆಕ್ಕು ಗಾಡಿಯಿಂದ ಹಾರಿ ವಾಪಸ್ ಓಡಿದ್ದು ಅವರಿಗೆ ನೆನಪಿದೆ. ನಾನು ಏನು ಹೇಳಬೇಕು ಅಂತ ತಿಳಿಯದೆ ನಿಂತೆ. ಅವ್ವ ಮಾತ್ರ ಕೇಳಿದಳು: "ಗದ್ದೆ ಎಷ್ಟಿತ್ತವ್ವಾ?"

"ಮನೆ ಮುಂದೇನೇ ಇತ್ತು. ವರ್ಷಪೂರ್ತಿ ಉಣ್ಣಕ್ಕೆ ಸಾಕಾಗ್ತಿತ್ತು" ಅಂದರು ಅಜ್ಜಿ. "ಅಲ್ಲೂ ಭೂಮಣ್ಣಿ ಬುಟ್ಟಿ ಹೊತ್ಕೊಂಡು ಹೋಗಿದೀನಿ."

ಇಬ್ಬರೂ ಸುಮಾರು ಹೊತ್ತು ನೀರು ನೋಡುತ್ತ ಕೂತರು. ನಾನು ಫೋನ್ ಜೇಬಿಗೆ ಇಟ್ಟೆ.

ಮಾರನೇ ದಿನ ಜೋಗ ನೋಡಿದೆವು. ರಾಜ, ರಾಣಿ, ರೋರರ್, ರಾಕೆಟ್, ನಾಲ್ಕೂ ಇದ್ದವು, 830 ಅಡಿ ಬೀಳುತ್ತಿದ್ದವು. ಮಂಜು ಸರಿದು ಹತ್ತು ನಿಮಿಷ ಪೂರ್ತಿ ಕಾಣಿಸಿತು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ತಂಪು ಕಲ್ಲಿನ ಮೇಲೆ ಅರ್ಧ ಗಂಟೆ ಕೂತೆವು. ಎರಡೂ ಚೆನ್ನಾಗಿವೆ, ಹೋಗಿ. ಕೊಡಚಾದ್ರಿಗೆ ಅವ್ವನ ಮಂಡಿ ಒಪ್ಪಲಿಲ್ಲ, ಜೀಪಿನಲ್ಲಿ ಹೋಗಬಹುದು ಅಂದರೂ ಆ ದಾರಿಯ ಕುಲುಕಾಟ ಕೇಳಿ ಬಿಟ್ಟೆವು. ಆದರೆ ಇಲ್ಲಿಗೆ ಬರುವವರಿಗೆ ನಾನು ಹೇಳುವುದು ಒಂದೇ: ಎರಡು ದಿನಕ್ಕೆ ಎಂಟು ಜಾಗ ಅಂತ ಓಡಬೇಡಿ. ಒಂದು ಮನೆಯಲ್ಲಿ ಮೂರು ರಾತ್ರಿ ಉಳಿಯಿರಿ. ಅವರು ಉಣ್ಣುವ ಹೊತ್ತಿಗೆ ಉಣ್ಣಿ, ಅವರು ತೋಟಕ್ಕೆ ಹೋಗುವಾಗ ಜೊತೆಗೆ ಹೋಗಿ.

ಹೊರಡುವಾಗ ಅಕ್ಕ ಅಪ್ಪೆಮಿಡಿಯ ಒಂದು ಡಬ್ಬಿ ಕೊಟ್ಟರು. ಅಜ್ಜಿ ಬಾಳೆ ಎಲೆಯ ಪೊಟ್ಟಣವೊಂದನ್ನು ಅವ್ವನ ಕೈಗಿಟ್ಟರು. ಅದರಲ್ಲಿ ಏನಿದೆ ಅಂತ ದಾರಿಯಲ್ಲಿ ಎರಡು ಸಲ ಕೇಳಿದೆ, ಅವ್ವ ಹೇಳಲಿಲ್ಲ.

ಊರು ಮುಟ್ಟಿದಾಗ ರಾತ್ರಿ ಒಂಬತ್ತು. ತಮ್ಮ ಬಾಗಿಲಲ್ಲೇ ನಿಂತು, "ಚರಗ ಚೆಲ್ಲಿ ಬಂದೀನವ್ವಾ, ಎಲ್ಲ ಸರಿ ಆಯ್ತು" ಅಂದ. ಅವ್ವ ಮನೆಯೊಳಗೆ ಹೋಗಲಿಲ್ಲ. ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು ನಾಲೆ ದಾಟಿ ಹೊಲದ ಬದುವಿಗೆ ನಡೆದಳು. ಪೊಟ್ಟಣ ಬಿಚ್ಚಿದಳು. ಉಳಿದಿದ್ದ ಹಚ್ಚಂಬಲಿ, ಸ್ವಲ್ಪ ಹುಳಿ ವಾಸನೆ ಬಂದಿತ್ತು. ಹಿಡಿ ತುಂಬಿಕೊಂಡು ನಮ್ಮ ಭತ್ತದ ಮೇಲೆ ಬೀರಿದಳು. ಅಲ್ಲಿಯ ಕೂಗು ಅವಳಿಗೆ ಪೂರ್ತಿ ಬಾಯಿಗೆ ಬರಲಿಲ್ಲ. ನೆನಪಿದ್ದಷ್ಟು ಅಂದಳು, ಉಳಿದದ್ದಕ್ಕೆ ನಮ್ಮ ಚರಗದ ಮಾತನ್ನೇ ಸೇರಿಸಿದಳು.